ಸಹಾಯ ಬೇಕು: ಮುರಕಲ್ಲು ಪದವಿನಲ್ಲಿ ಮುಳಿಹುಲ್ಲು ಯಾವಾಗ ಕೊಯ್ಯೋದು?

ಕರಾವಳಿಯ ಮುರಕಲ್ಲು ಪದವು (ಗುಡ್ಡದ ಮೇಲಿನ ಸಮತಟ್ಟಾದ ಕಲ್ಲು ಬಯಲು), ಕಾಡುಹೂವಿಗಾಗಿಯೇ ಬೇಲಿ ಹಾಕಿ ಉಳಿಸಿದ ಜಾಗ. ಬಂಡೆ ಮೇಲೆ ತೆಳ್ಳಗೆ ಮಣ್ಣಿರುವ ಕಡೆ ಮಳೆಗಾಲದಲ್ಲಿ ಯೂಟ್ರಿಕ್ಯುಲೇರಿಯಾ, ಎರಿಯೋಕಾಲನ್, ಡ್ರೊಸೆರಾ ಎಂಬ ಪುಟ್ಟ ಹೂಗಿಡಗಳು ಬರುತ್ತವೆ. ಹೆಚ್ಚಿನವು ಗೇಣಿಗಿಂತ ಗಿಡ್ಡ, ನೇರ ಬಿಸಿಲು ಬೇಕೇ ಬೇಕು. ದನ ಮೇಯುವುದು ನಿಂತ ಮೇಲೆ ಮುಳಿಹುಲ್ಲು ಸೊಂಟದೆತ್ತರ ಬೆಳೆದಿದೆ. ಒಣಹುಲ್ಲು ಅಲ್ಲೇ ಕೊಳೆತು ಮಣ್ಣು ದಪ್ಪವಾಗ್ತಿದೆ, ಹೂವಿನ ಜಾಗ ಕುಗ್ತಿದೆ. (ಕಾಡುಹೂವಿಗೆ ಹೆಸರಾದ ಮಹಾರಾಷ್ಟ್ರದ ಕಾಸ್ ಪಠಾರದಲ್ಲೂ ಇದೇ ದೂರು ಬಂದು ಬೇಲಿ ತೆಗೆದಿದ್ದರು.)

ಅಂಚಿನ ಅಕೇಶಿಯಾ ಸಸಿಗಳ ಚಿಂತೆಯಿಲ್ಲ; ಜುಲೈಯಲ್ಲಿ ಮಣ್ಣು ಹಸಿ ಇರುವಾಗ ಮೊಣಕಾಲೆತ್ತರದವು ಬೇರುಸಹಿತ ಕಿತ್ತು ಬರುತ್ತವೆ. ಬೆಂಕಿ ಕೊಡುವ ಮಾತೇ ಇಲ್ಲ.

ಹುಲ್ಲನ್ನು ಡಿಸೆಂಬರಿನಲ್ಲಿ ಕೊಯ್ದು ಹೊರಗೆ ಸಾಗಿಸಿ ನೋಡಿದ್ದಾಯ್ತು. ಅಷ್ಟರಲ್ಲಿ ಹುಲ್ಲಿನ ಬೀಜ ಉದುರಿರುತ್ತದೆ, ಮರುವರ್ಷ ಅಷ್ಟೇ ದಟ್ಟ. ಸೆಪ್ಟೆಂಬರಿನಲ್ಲಿ ಕೊಯ್ದರೆ ಎರಿಯೋಕಾಲನ್ ಬೀಜ ಕಟ್ಟುವ ಮೊದಲೇ ಕತ್ತಿಗೆ ಸಿಗುತ್ತದೆ, ತುಳಿತ ಬೇರೆ. ದನ ಬಿಟ್ಟರೆ ಹುಲ್ಲು ತಗ್ಗುತ್ತದೆ, ಆದರೆ ಸಗಣಿ ಬಿದ್ದಲ್ಲೆಲ್ಲ ಕಳೆ, ಹಿಂದೆಯೇ ಕಮ್ಯುನಿಸ್ಟ್ ಗಿಡ (ಬೇಗ ಹಬ್ಬುವ ಪೊದೆ ಕಳೆ, ಕ್ರೊಮೊಲೇನಾ).

ಪದವಿನಲ್ಲಿ ಕೆಲಸ ಮಾಡಿದವರು ಹೇಳಿ: ಹುಲ್ಲು ತೆನೆ ಬಿಡುವ ಹೊತ್ತಿಗೆ ಅರ್ಧ ಅಡಿ ಬಿಟ್ಟು ಮೇಲಿಂದ ಮಾತ್ರ ಕೊಯ್ದರೆ ಸಾಕಾ? ಅಥವಾ ಮೇ–ಜೂನ್‌ನಲ್ಲಿ, ಹೂಗಿಡ ಮೊಳೆಯುವ ಮೊದಲು, ಕೆಲವು ದನ ಬಿಟ್ಟು ಹಿಂತೆಗೆಯುವುದು ಒಳ್ಳೆಯದಾ? ಎಕರೆಗೆ ಎಷ್ಟು ದನ, ಎಷ್ಟು ದಿನ?