ಪದಚರ್ಚೆ: ‘ಇಂಡಕ್ಟಿವ್ ಲೂಪ್’ಗೆ ಒಪ್ಪುವ ಕನ್ನಡ ಪದ (ಶುಕ್ರವಾರದೊಳಗೆ ಬೇಕು)

ಪ್ರಶ್ನೆ:

ಕ್ಯಾಲಿಫೋರ್ನಿಯಾದಲ್ಲಿ ಮಕ್ಕಳ ಮನೆಗೆ ಬಂದು ತಿಂಗಳುಗಟ್ಟಲೆ ಉಳಿಯುವ ನಮ್ಮ ಹಿರಿಯರಿಗಾಗಿ ಸೈಕಲ್ ಸುರಕ್ಷತೆಯ ಕರಪತ್ರವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಇಲ್ಲಿನ ಅನೇಕ ಕೂಡುರಸ್ತೆಗಳಲ್ಲಿ ಸಿಗ್ನಲ್ ದೀಪವು ಗಡಿಯಾರವನ್ನಷ್ಟೇ ನಂಬಿ ಬದಲಾಗುವುದಿಲ್ಲ. ರಸ್ತೆಯೊಳಗೆ ಹೂತಿಟ್ಟ ತಂತಿಯ ಮೇಲೆ ವಾಹನ ಬಂದದ್ದು ತಿಳಿದ ಮೇಲೆ ಆ ದಿಕ್ಕಿಗೆ ಹಸಿರು ಕೊಡುತ್ತದೆ. 2007ರಲ್ಲಿ ಮಾಡಿದ ಕಾನೂನಿನಂತೆ ಹೊಸದಾಗಿ ಹಾಕುವ ಇಂಥ ಸಿಗ್ನಲ್ಲುಗಳು ಸೈಕಲ್ಲನ್ನೂ ಗುರುತಿಸಬೇಕು. ಈ ‘ಇಂಡಕ್ಟಿವ್ ಲೂಪ್ ಡಿಟೆಕ್ಟರ್’ ಅನ್ನು ನಾನು ‘ಪ್ರೇರಣಾ ಸುರುಳಿ ಸಂವೇದಕ’ ಎಂದು ಬರೆದಿದ್ದೇನೆ. ಸವಾರ ನಿಲ್ಲಬೇಕಾದ ಜಾಗದಲ್ಲಿ ರಸ್ತೆಯ ಮೇಲೆ ಸೈಕಲ್ ಗುರುತು ಬಳಿದಿರುತ್ತಾರೆ; ಅದನ್ನು ತಿಳಿಸುವ, ಸೈಕಲ್ ಚಿತ್ರವಿರುವ ಫಲಕದ ಮಾತನ್ನು ‘ಹಸಿರನ್ನು ವಿನಂತಿಸಲು ಸೈಕಲ್ ಚಿಹ್ನೆಯ ಮೇಲೆ ಕಾಯಿರಿ’ ಎಂದು ಮಾಡಿದ್ದೇನೆ. ಎರಡೂ ನನಗೇ ಹಿಡಿಸಿಲ್ಲ. ಶುಕ್ರವಾರ ಅಚ್ಚಿಗೆ ಕೊಡಬೇಕು.

ಉತ್ತರ 1:

ಎರಡು ಸಂಸ್ಕೃತ ಪದಗಳ ನಡುವೆ ಒಂದು ಕನ್ನಡ ಪದ. ಇಂಥ ಬೆರಕೆ ಜೋಡಣೆಯನ್ನು, ಅಂದರೆ ಅರಿಸಮಾಸವನ್ನು, ವ್ಯಾಕರಣಕಾರ ಕೇಶಿರಾಜ ಎಂದೋ ತಳ್ಳಿಹಾಕಿದ್ದಾನೆ. ಅಚ್ಚಗನ್ನಡದಲ್ಲಿ ‘ಕುಣಿಕೆ ಪತ್ತೆಗ’ ಎನ್ನಿ, ಮುಗಿಯಿತು. ವಾಹನದ ಭಾರವನ್ನು ತಿಳಿಯುವ ಸಾಧನವಾದ್ದರಿಂದ ‘ತೂಕದ ಕುಣಿಕೆ’ ಎಂದರೂ ನಡೆಯುತ್ತದೆ. ಇದರಲ್ಲಿ ಚರ್ಚಿಸುವುದು ಏನೂ ಇಲ್ಲ.

ಉತ್ತರ 2:

ಚರ್ಚಿಸುವುದು ಸಾಕಷ್ಟಿದೆ, ಏಕೆಂದರೆ ಈ ಸಾಧನಕ್ಕೂ ತೂಕಕ್ಕೂ ಸಂಬಂಧವೇ ಇಲ್ಲ. ರಸ್ತೆಯ ಮೇಲ್ಪದರವನ್ನು ಗರಗಸದಿಂದ ಸೀಳಿ, ಆ ಸೀಳಿನಲ್ಲಿ ತಂತಿಯನ್ನು ಕೆಲವು ಸುತ್ತು ಇಳಿಸಿ, ಮೇಲೆ ಅಂಟು ಸುರಿದು ಮುಚ್ಚಿರುತ್ತಾರೆ. ಆ ತಂತಿಯಲ್ಲಿ ಸೆಕೆಂಡಿಗೆ ಹತ್ತಾರು ಸಾವಿರ ಸಲ ದಿಕ್ಕು ಬದಲಿಸುವ ವಿದ್ಯುತ್ತು ಹರಿಯುತ್ತಿರುತ್ತದೆ. ಲೋಹದ ವಾಹನ ಮೇಲೆ ಬಂದಾಗ ಅದರ ಲೋಹದಲ್ಲಿ ಸುಳಿಪ್ರವಾಹಗಳು (ಸುಳಿಯಂತೆ ಸುತ್ತುವ ವಿದ್ಯುತ್ತು) ಹುಟ್ಟಿ ತಂತಿಯ ಕಾಂತಕ್ಷೇತ್ರವನ್ನು ಎದುರಿಸುತ್ತವೆ, ಅದರಿಂದ ಆವೃತ್ತಿ, ಅಂದರೆ ಸೆಕೆಂಡಿಗೆ ದಿಕ್ಕು ಬದಲಿಸುವ ಸಲಗಳ ಲೆಕ್ಕ, ತುಸು ಏರುತ್ತದೆ, ರಸ್ತೆಯಂಚಿನ ಪೆಟ್ಟಿಗೆಯಲ್ಲಿರುವ ಉಪಕರಣ ಆ ಏರಿಕೆಯನ್ನು ಕಂಡು ವಾಹನ ಬಂದಿದೆಯೆಂದು ತಿಳಿಯುತ್ತದೆ. ಎಂಬತ್ತು ಕಿಲೋ ತೂಗುವ ಆಳು ಅಲ್ಲಿ ನಿಂತು ಕುಣಿದರೂ ದೀಪ ಕದಲದು. ಹಗುರವಾದ ಅಲ್ಯೂಮಿನಿಯಂ ಗಾಲಿಯೊಂದು ಸರಿಯಾಗಿ ತಂತಿಯ ಮೇಲೆ ನಿಂತರೆ ಕದಲೀತು. ತೂಕದ ಕಲ್ಪನೆಗೆ ಹಳೆಯ ಕಾರಣವೊಂದಿದೆ, ಒಪ್ಪುತ್ತೇನೆ: 1920ರ ದಶಕದ ಕೊನೆಗೆ ಅಮೆರಿಕದಲ್ಲಿ ಒತ್ತಡಕ್ಕೆ ಮಿಡಿಯುವ ಸಾಧನಗಳನ್ನು ರಸ್ತೆಯಲ್ಲಿ ಹೂಳುತ್ತಿದ್ದರು. ಅದೇ ಹೊತ್ತಿಗೆ, 1928ರಲ್ಲಿ, ಬಾಲ್ಟಿಮೋರಿನಲ್ಲಿ ಚಾರ್ಲ್ಸ್ ಆಡ್ಲರ್ ಎಂಬುವರು ಹಾರ್ನ್ ಹೊಡೆದರೆ ಹಸಿರಾಗುವ ದೀಪವನ್ನೂ ನಿಲ್ಲಿಸಿದ್ದರು. (ಅದು ಬೆಂಗಳೂರಿನವರೆಗೆ ಬರಲಿಲ್ಲವೆಂಬುದು ನಮ್ಮ ಪುಣ್ಯ.) ಈಗಿನ ತಂತಿಯ ಏರ್ಪಾಡು 1960ರ ದಶಕದ್ದು.

ಇನ್ನು ‘ಕುಣಿಕೆ’. ಎಳೆದರೆ ಬಿಗಿಯುವುದು ಅದರ ಗುಣ. ಕೊಡದ ಕೊರಳಿಗೆ, ಕರುವಿನ ಕೊರಳಿಗೆ, ಕೊನೆಗೆ ನೇಣಿಗೆ ಸಲ್ಲುವ ಪದ ಅದು. ಎಪ್ಪತ್ತರ ಹಿರಿಯರಿಗೆ ‘ಕುಣಿಕೆಯ ಮೇಲೆ ನಿಲ್ಲಿ’ ಎಂದು ಅಚ್ಚು ಹಾಕಿಸುವುದು ಬೇಡ. ಅಚ್ಚಗನ್ನಡವೆಂದು ತಂದ ‘ಪತ್ತೆ’ಯಂತೂ ಹಿಂದೂಸ್ತಾನಿಯ ‘ಪತಾ’ ಎಂಬುದರಿಂದ ಬಂದದ್ದು. ‘ರಸ್ತೆ’ಯೂ ‘ಸವಾರ’ನೂ ಪಾರಸಿಯವು. ‘ಲೂಪ್’ ಅನ್ನು ಬಾಗಿಲಲ್ಲಿ ತಡೆದು ‘ಪತ್ತೆ’ಗೆ ಮಣೆ ಹಾಕುವ ಶುದ್ಧಿ ನನಗೆ ಅರ್ಥವಾಗುವುದಿಲ್ಲ. ತತ್ಸಮವನ್ನು (ಇದ್ದಂತೆಯೇ ತಂದ ಸಂಸ್ಕೃತ ಪದವನ್ನು) ಮುಟ್ಟೆನೆಂದ ಹಳೆಯ ಕವಿ ಅಂಡಯ್ಯನೂ ತದ್ಭವಗಳನ್ನು (ಕನ್ನಡಕ್ಕೆ ಒಗ್ಗಿ ರೂಪ ಬದಲಿಸಿದವನ್ನು) ಬಿಟ್ಟವನಲ್ಲ.

‘ಪ್ರೇರಣೆ’ ಶಾಲೆಯ ವಿಜ್ಞಾನಪುಸ್ತಕದಲ್ಲಿ ನೆಲೆಯೂರಿದ ಪದ, ಅಲ್ಲಿ ಅದನ್ನು ಕದಲಿಸುವ ಅಗತ್ಯವಿಲ್ಲ. ಆದರೆ ಕರಪತ್ರದಲ್ಲಿ ಓದಿದವರಿಗೆ ರಸ್ತೆಯೇ ನಮಗೆ ಏನೋ ಸ್ಫೂರ್ತಿ ಕೊಡುತ್ತಿದೆಯೆಂದು ತೋರೀತು. ನನ್ನ ಸಲಹೆ ‘ತಂತಿಸುತ್ತು’. ನಮ್ಮೂರಿನಲ್ಲಿ ಪಂಪ್‌ಸೆಟ್ಟಿನ ಮೋಟಾರು ಸುಟ್ಟರೆ ಅಂಗಡಿಗೆ ಒಯ್ದು ‘ಕಾಯಿಲ್ ಸುತ್ತಿಸಿಕೊಂಡು’ ಬರುತ್ತೇವೆ, ಸುತ್ತುವವನು ಎಷ್ಟು ಸುತ್ತು ಎಂದೇ ಲೆಕ್ಕ ಹಿಡಿಯುತ್ತಾನೆ. ಅಂದರೆ ಕೆಲಸಗಾರರ ಬಾಯಲ್ಲಿ ಪದ ಈಗಾಗಲೇ ಇದೆ. ‘ತಂತಿ’ಯು ‘ತಂತ್ರೀ’ ಎಂಬುದರ ತದ್ಭವವಾದ್ದರಿಂದ ‘ಸುತ್ತು’ವಿನೊಡನೆ ಸಮಾಸವಾಗಲು ಕೇಶಿರಾಜನ ಅಡ್ಡಿಯೂ ಇಲ್ಲ. ‘ನಿಲ್ದಾಣ’ದಲ್ಲಿ ‘ನಿಲ್’ ಜೊತೆಗೆ ‘ಸ್ಥಾನ’ದ ತದ್ಭವವಾದ ‘ತಾಣ’ ಸೇರಿಕೊಂಡದ್ದು ಇದೇ ದಾರಿಯಲ್ಲಿ.

ಫಲಕದಲ್ಲಿ ಮಾತ್ರ ಸಾಧನದ ಹೆಸರು ಬೇಡವೇ ಬೇಡ. ಬೆಂಗಳೂರಿನ ಹೊಸ ಸಿಗ್ನಲ್ಲುಗಳಲ್ಲಿರುವಂತೆ ಕ್ಯಾಮೆರಾ ನೋಡಿ ತಿಳಿಯುವ ಕಡೆ ಸುತ್ತೂ ಇಲ್ಲ, ಸುರುಳಿಯೂ ಇಲ್ಲ. ನಿಲ್ಲಬೇಕಾದ ಜಾಗವನ್ನು ತೋರಿಸಿದರೆ ಸಾಕು. ನಿಮ್ಮ ‘ವಿನಂತಿಸಲು’ ಇಂಗ್ಲಿಷಿನ ನೆರಳು. ದೀಪಕ್ಕೆ ಯಾರೂ ಅರ್ಜಿ ಗುಜರಾಯಿಸುವುದಿಲ್ಲ. ‘ಚಿಹ್ನೆಯ ಮೇಲೆ ಕಾಯಿರಿ’ ಎಂಬುದೂ ಸಲ್ಲದು, ಕನ್ನಡದಲ್ಲಿ ಗುರುತಿನ ಮೇಲೆ ನಿಲ್ಲುತ್ತೇವೆ, ದೀಪಕ್ಕಾಗಿ ಕಾಯುತ್ತೇವೆ. ‘ಹಸಿರು ಬೇಕಿದ್ದರೆ ಈ ಸೈಕಲ್ ಗುರುತಿನ ಮೇಲೆ ನಿಲ್ಲಿ’ ಎಂದರೆ ಆಯಿತು. ಕರಪತ್ರದಲ್ಲಿ ಇನ್ನೊಂದು ಸಾಲು ಸೇರಿಸಿ: ಗುರುತಿನ ಮೇಲೂ ಕೆಳಗೂ ಚಿಕ್ಕ ಗೀಟೊಂದು ಇರುತ್ತದೆ, ಎರಡೂ ಗಾಲಿಗಳು ಅದರ ನೇರಕ್ಕೆ ಬರಬೇಕು. ಒಂದು ನಸುಕಿನಲ್ಲಿ ನಾನೇ ಗೀಟಿನಿಂದ ಒಂದು ಗೇಣು ಆಚೆ ನಿಂತು, ಬೇರೆ ದಿಕ್ಕುಗಳಿಗೆಲ್ಲ ಎರಡು ಸಲ ಹಸಿರು ಬಂದು ಹೋಗುವುದನ್ನು ನೋಡಿದವನು. ಗಾಲಿಯನ್ನು ಸರಿಸಿದ ಮೇಲೆ ಮರುಸರದಿಯಲ್ಲೇ ನನಗೂ ಬಂತು.

ಉತ್ತರ 1ರವರಿಂದ:

ತೂಕದ ಮಾತನ್ನು ಹಿಂತೆಗೆದುಕೊಂಡಿದ್ದೇನೆ, ಕುಣಿಕೆಯನ್ನಲ್ಲ. ‘ಸಿಗ್ನಲ್ಲುಗಳು’ ಎಂದು ನಿರಾತಂಕವಾಗಿ ಬರೆಯುವವರು ನಮಗೆ ಅಂಡಯ್ಯನನ್ನು ಕಲಿಸಬೇಕಾಗಿಲ್ಲ.

ಪ್ರಶ್ನೆ ಕೇಳಿದವರಿಂದ:

ಫಲಕದ ಸಾಲನ್ನು ಹಾಗೆಯೇ ತೆಗೆದುಕೊಂಡೆ. ಕರಪತ್ರದ ಒಳಗೆ ‘ರಸ್ತೆಯೊಳಗಿನ ತಂತಿಸುತ್ತು’ ಎಂದು ಹಾಕಿದ್ದೇನೆ. ಕರಡನ್ನು ಅತ್ತೆಯವರಿಗೆ ಓದಿಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ, ಅದರ ಮೇಲೆ ನಿಂತರೆ ಶಾಕ್ ಹೊಡೆಯುವುದಿಲ್ಲವೇ ಎಂದು. ಹೊಡೆಯುವುದಿಲ್ಲವೆಂಬ ಸಾಲನ್ನೂ ಸೇರಿಸಿದ್ದೇನೆ.