ಬೇರಿಂಗ್, ಮೆಶರಿಂಗ್, ಸ್ಟ್ಯಾಂಡಿಂಗ್: ಕ್ರಯಪತ್ರ ಕನ್ನಡಕ್ಕೆ ತರುವಾಗ ಈ 'ಇಂಗ್'ಗಳಿಗೆ ಏನು ಬರೀತೀರಿ?

ಪತ್ರದಂಗಡಿ, ದಾವಣಗೆರೆ

ಎಲ್ರಿಗೂ ನಮಸ್ಕಾರ. ನಂದು ದಾವಣಗೆರೇಲಿ ಪತ್ರ ಬರೆಯೋ ಕೆಲಸ. ಅರ್ಜಿ, ಬಾಡಿಗೆ ಕರಾರು, ಕ್ರಯಪತ್ರದ ಡ್ರಾಫ್ಟು ಎಲ್ಲಾ 'ನುಡಿ' ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿ ಕೊಡ್ತೀನಿ. ಕನ್ನಡದ್ದಾದ್ರೆ ಕೈ ತಾನೇ ಓಡುತ್ತೆ, ಚಕ್ಕುಬಂದಿ, ಅಂದ್ರೆ ಜಾಗದ ನಾಲ್ಕು ದಿಕ್ಕಿನ ಗಡಿ, ಬರೆಯೋಕೆ ಕಣ್ಣು ಬಿಡೋದೂ ಬೇಕಾಗಿಲ್ಲ. ತಲೆನೋವು ಶುರುವಾಗೋದು ಇಂಗ್ಲಿಷ್ ಪತ್ರ ತಂದು "ಇದನ್ನ ಕನ್ನಡದಾಗೆ ಬರ್ಕೊಡ್ರಿ" ಅಂದಾಗ.

ಈಗ ಒಬ್ರು ಬೆಂಗಳೂರಲ್ಲಿ ಮಾಡಿಸಿದ ಡ್ರಾಫ್ಟ್ ತಂದಿದಾರೆ. ಜಗಳೂರು ಕಡೆ ಹಳ್ಳೀಲಿರೋ ಅವರ ತಂದೆ ಸಹಿ ಹಾಕ್ಬೇಕು. ಯಜಮಾನ್ರಿಗೆ ಇಂಗ್ಲಿಷ್ ಬರಲ್ಲ, ಪೂರ್ತಿ ಓದದೆ ಸಹಿ ಹಾಕೋ ಪೈಕಿಯೂ ಅಲ್ಲ. ಅದು ಸರೀನೇ. ಷೆಡ್ಯೂಲ್‌ನಲ್ಲಿ, ಅಂದ್ರೆ ಸ್ವತ್ತಿನ ವಿವರ ಬರೆಯೋ ಭಾಗದಲ್ಲಿ, ಹಿಂಗಿದೆ: "ಪ್ರಾಪರ್ಟಿ ಬೇರಿಂಗ್ ನಂಬರ್ ಇಷ್ಟು, ಮೆಶರಿಂಗ್ ಈಸ್ಟ್ ಟು ವೆಸ್ಟ್ 30 ಫೀಟ್, ನಾರ್ತ್ ಟು ಸೌತ್ 40 ಫೀಟ್, ಬಿಲಾಂಗಿಂಗ್ ಟು ಇಂಥವರು, ಇನ್‌ಕ್ಲೂಡಿಂಗ್ ದ ಬಿಲ್ಡಿಂಗ್ ಸ್ಟ್ಯಾಂಡಿಂಗ್ ದೇರಾನ್." ಒಂದೇ ಉಸಿರಿಗೆ ಆರು ಇಂಗ್!

ಮೊಬೈಲಿನ ಅನುವಾದಕ್ಕೆ ಹಾಕಿದ್ರೆ "ಸಂಖ್ಯೆಯನ್ನು ಹೊರುವ ಆಸ್ತಿ", ಆಮೇಲೆ "ಅಳೆಯುವ". ಅಂದ್ರೆ ಸೈಟೇ ಟೇಪ್ ಹಿಡ್ಕೊಂಡು ತನ್ನ ತಾನೇ ಅಳ್ಕೊಳ್ತಾ ಇದೆ. ಬೇರಿಂಗ್ ಅಂದ್ರೆ ನಂಗೆ ಗೊತ್ತಿರೋದು ಗಾಡಿ ಚಕ್ರದ್ದು. ಶಾಲೇಲಿ ಹೇಳ್ಕೊಟ್ಟಿದ್ದು 'ಹೀ ಈಸ್ ಗೋಯಿಂಗ್, ಅವನು ಹೋಗುತ್ತಿದ್ದಾನೆ', ಅಷ್ಟೇ. ಇಂಗ್ ಬಂದ್ರೆ 'ಉತ್ತಿದ್ದಾನೆ' ಹಾಕು ಅಂದಿದ್ರು. ಆ ಲೆಕ್ಕದಲ್ಲಿ ಈ ಪತ್ರ ಬರೆದ್ರೆ ನನ್ನ ಅಂಗಡಿ ಬಾಗಿಲು ಹಾಕ್ಬೇಕು.

ಇನ್ನೊಂದು ಪಾರ್ಟಿ ಕೋರ್ಟ್ ಕಾಗದದಲ್ಲಿ 'ಪೆಂಡಿಂಗ್ ಡಿಸ್ಪೋಸಲ್ ಆಫ್ ದ ಸೂಟ್' ಅಂತ ಬೇರೆ ಇದೆ. ಇವಕ್ಕೆಲ್ಲ ಏನಾದ್ರೂ ಒಂದು ನಿಯಮ ಐತಾ? ತಿಳಿದವರು ಹೇಳ್ರಿ.

ಕೋಟೆ ಮೇಷ್ಟ್ರು, ಚಿತ್ರದುರ್ಗ

ಒಂದು ನಿಯಮ ಸಿಗಲ್ಲ, ಹುಡುಕಬೇಡಿ. ಹೈಸ್ಕೂಲಿನ ಕೃದಂತ, ಅಂದ್ರೆ ಕ್ರಿಯಾಪದದ ಧಾತುವಿಗೆ ಬಾಲ ಸೇರಿಸಿ ಮಾಡೋ ಪದ, ನೆನಪಿದೆಯಾ? 'ಓಡುವ' ಕೃದಂತನಾಮ. 'ಓಟ', 'ಓಡುವುದು' ಕೃದಂತ ಭಾವನಾಮ. 'ಓಡುತ್ತಾ' ಕೃದಂತಾವ್ಯಯ. ನಮ್ಮಲ್ಲಿ ಮೂರಕ್ಕೂ ಬೇರೆ ಬೇರೆ ಬಾಲ. ಇಂಗ್ಲಿಷಲ್ಲಿ ಮೂರಕ್ಕೂ 'ರನ್ನಿಂಗ್' ಒಂದೇ. ಹಿಂದೆ ಅವರಲ್ಲೂ ಹೀಗಿರಲಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಕೆಲಸದ ಹೆಸರಿಗೆ 'ಉಂಗ್' ಅಥವಾ 'ಇಂಗ್' ಹತ್ತುತ್ತಿತ್ತು, 'ಮಾಡುವ' ಅನ್ನೋದಕ್ಕೆ 'ಎಂಡೆ'. ಆಮೇಲಿನ ಶತಮಾನಗಳಲ್ಲಿ ಈ ಎರಡನೆಯದೂ ಇಂಗ್ ಆಗಿ ಬೆರೆತು ಹೋಯ್ತು. ಜರ್ಮನ್ನರು ಇವತ್ತಿಗೂ ಎರಡನ್ನೂ ಬೇರೆ ಇಟ್ಟುಕೊಂಡಿದ್ದಾರೆ. ಹಾಗಾಗಿ ಇಂಗ್ ಕಂಡಾಗಲೆಲ್ಲ ಉವ, ಉವುದು, ಉತ್ತಾ ಮೂರನ್ನೂ ಹಾಕಿ ನೋಡಿ, ಯಾವುದು ಕೂರುತ್ತೋ ಅದನ್ನ ಇಟ್ಟುಕೊಳ್ಳಿ.

ಆದ್ರೆ ನಿಮ್ಮ ತೊಂದರೆ ಅರ್ಧ ಇಂಗ್‌ದಲ್ಲ, ಮೂಲ ಕ್ರಿಯಾಪದದ್ದು. 'ಮೆಶರ್' ಅಂದ್ರೆ ಅಳೆ ಅಂತಲೂ ಹೌದು, ಇಷ್ಟು ಅಳತೆ ಇರು ಅಂತಲೂ ಹೌದು. ಸರ್ವೇಯರ್ ಮಾಡೋದು ಮೊದಲನೇದು, ಸೈಟು ಮಾಡೋದು ಎರಡನೇದು. 'ಬೇರ್' ಕೂಡ ಹಾಗೇ: ಹೊರು, ತಾಳು, ಹೆರು, ಹೊಂದಿರು. ಗಾಡಿಯ ಬೇರಿಂಗ್ ಭಾರ ಹೊರುತ್ತೆ, ನಿಮ್ಮ ಸ್ವತ್ತು ನಂಬರ್ ಹೊಂದಿದೆ. ಎರಡೂ ಒಂದೇ ಬೇರಿನವು.

ಇಂಗ್ಲಿಷಿನವರನ್ನ ಬೈಯೋ ಮುಂಚೆ ನಮ್ಮದನ್ನೂ ನೋಡ್ಕೊಳ್ಳಿ. 'ಓದುವ ಹುಡುಗ', 'ಓದುವ ಪುಸ್ತಕ', 'ಓದುವ ಕೋಣೆ'. ಹುಡುಗ ಓದ್ತಾನೆ, ಪುಸ್ತಕವನ್ನ ಓದ್ತಾರೆ, ಕೋಣೇಲಿ ಕೂತು ಓದ್ತಾರೆ. ಕೋಣೆಯೇ ಓದುತ್ತೆ ಅಂತ ಯಾರಾದ್ರೂ ತಿಳ್ಕೊಂಡಿದಾರಾ? 'ರೀಡಿಂಗ್ ರೂಮ್' ಕೂಡ ಅಷ್ಟೇ.

ಲೇತ್‌ಮನೆ

ನಮ್ಮ ವರ್ಕ್‌ಶಾಪಲ್ಲಿ ದಿನಾ ಬೋರಿಂಗ್ ಮಾಡ್ತೀವಿ, ಅಂದ್ರೆ ಇರೋ ತೂತನ್ನ ದೊಡ್ಡದು ಮಾಡೋದು. ನಮ್ಮೂರಲ್ಲಿ ಬೋರಿಂಗ್ ಅಂದ್ರೆ ಕೈಪಂಪು, ಹೆಂಗಸ್ರು ಕೊಡ ಹಿಡ್ಕೊಂಡು ಸಾಲು ನಿಲ್ಲೋ ಜಾಗ. ನನ್ನ ಮಗ ಕಾಲೇಜಿಂದ ಬಂದು ಬೋರಿಂಗ್ ಅಂದ್ರೆ ಲೆಕ್ಚರರ್ ಪಾಠ. ಹೋಗ್ಲಿ ಬಿಡ್ರಿ. ಮಾರ್ಕ್ಸ್ ಕಾರ್ಡಲ್ಲಿ 'ಔಟ್‌ಸ್ಟ್ಯಾಂಡಿಂಗ್' ಬಂದ್ರೆ ಸ್ವೀಟ್ ಹಂಚ್ರಿ, ಬ್ಯಾಂಕಿನ ಕಾಗದದಲ್ಲಿ ಬಂದ್ರೆ ಸಾಲ ಬಾಕಿ ಅಂತ, ಜೇಬು ನೋಡ್ಕೊಳ್ರಿ.

ಮಿಲ್ ತಾತ

ಪತ್ರದಂಗಡಿಯವ್ರೇ, ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಿದ್ದ ಕಾಲದಾಗೆ ಹತ್ತಿ ಮಿಲ್ಲಿನಾಗೆ ದುಡಿದವ ನಾನು. ನಮ್ಮ ಬದುಕೆಲ್ಲಾ ಇಂಗ್‌ನಾಗೇ ಹೋತು. ಜಿನ್ನಿಂಗ್ ಆಗಿ ಬೀಜ ಬಿಟ್ಟ ಅರಳೆ ಬರ್ತಿತ್ತು. ಆಮೇಲೆ ಕಾರ್ಡಿಂಗ್, ಸ್ಪಿನ್ನಿಂಗ್, ವೈಂಡಿಂಗ್, ವಾರ್ಪಿಂಗ್, ಸೈಜಿಂಗ್. ಇಂಗ್ಲಿಷ್ ಒಂದಕ್ಷರ ಬರದವ್ರೂ ಇವನ್ನ ತಪ್ಪದೆ ಹೇಳೋರು. ಯಾಕಂದ್ರೆ ಅರ್ಥ ಕೇಳ್ಕೊಂಡು ಕಲಿತಿದ್ದಲ್ಲ, ಮೆಷಿನ್ ಮುಂದೆ ನಿಂತು ಕಲಿತಿದ್ದು.

'ರೋವಿಂಗ್' ಅಂತ ಒಂದಿತ್ತು. ನೂಲಾಗೋಕೆ ಮುಂಚಿನ ದಪ್ಪನೆ ಎಳೆ, ಸ್ವಲ್ಪೇ ತಿರುವಿರ್ತೈತೆ, ಜೋರಾಗಿ ಎಳೆದ್ರೆ ಕೈಯಾಗೇ ಬಿಚ್ಚಿಕೊಳ್ತೈತೆ. ಆ ಕೆಲಸಕ್ಕೂ ರೋವಿಂಗ್, ಆ ಎಳೆಗೂ ರೋವಿಂಗ್. "ರೋವಿಂಗ್ ತಗೊಂಬಾ" ಅಂದ್ರೆ ಹುಡುಗ ಬಾಬಿನ್ ತರ್ತಿದ್ದ, "ರೋವಿಂಗ್ ನಿಂತೈತೆ" ಅಂದ್ರೆ ಫಿಟ್ಟರ್ ಓಡಿ ಬರ್ತಿದ್ದ. ಸೈಜಿಂಗ್ ಅಂದ್ರೆ ಅಳತೆ ತಗಳೋದು ಅಂತ ಹೊಸಬ್ರು ತಿಳ್ಕೊಳ್ಳೋರು. ಅಲ್ಲ. ನೇಯೋವಾಗ ಹಾಸಿನ ನೂಲು ಹರೀಬಾರ್ದು ಅಂತ ಗಂಜಿ ಹಾಕೋದು.

ಈಗ ತೋಟದೋರನ್ನ ಕೇಳ್ರಿ. "ಮೋಟ್ರು ವೈಂಡಿಂಗ್‌ಗೆ ಕೊಟ್ಟೀನಿ" ಅಂದ್ರೆ ಕೆಲಸ, "ವೈಂಡಿಂಗ್ ಸುಟ್ಟೋಗೈತೆ" ಅಂದ್ರೆ ಒಳಗಿನ ತಾಮ್ರದ ತಂತಿ ಸುತ್ತು. ನಿಮ್ಮ 'ಬಿಲ್ಡಿಂಗ್' ಕೂಡ ಇದೇ ಜಾತಿ. ಕಟ್ಟೋ ಕೆಲಸಾನೂ ಬಿಲ್ಡಿಂಗ್, ಕಟ್ಟಿ ಮುಗಿದಿದ್ದೂ ಬಿಲ್ಡಿಂಗ್.

ಪತ್ರದಂಗಡಿ, ದಾವಣಗೆರೆ

ತಾತಾ, ಮೇಷ್ಟ್ರೇ, ಇಬ್ರಿಗೂ ಶರಣು. ಹಿಂಗೆ ಬರೆದಿದೀನಿ, ನೋಡ್ರಿ: "ನಂ. ಇಷ್ಟು ಉಳ್ಳ, ಪೂರ್ವ-ಪಶ್ಚಿಮ 30 ಅಡಿ, ಉತ್ತರ-ದಕ್ಷಿಣ 40 ಅಡಿ ಅಳತೆಯ, ಇಂಥವರಿಗೆ ಸೇರಿದ ಸ್ವತ್ತು, ಅದರಲ್ಲಿರುವ ಕಟ್ಟಡ ಸಹಿತ." 'ನಿಂತಿರುವ ಕಟ್ಟಡ' ಬರೆಯೋಕೆ ಮನಸ್ಸಾಗ್ಲಿಲ್ಲ. ಯಜಮಾನ್ರು "ಇನ್ನೇನು ಮಲಗಿರುತ್ತಾ?" ಅಂತಾರೆ.

ಪೆಂಡಿಂಗ್ ಮಾತ್ರ ಇನ್ನೂ ಕಾಡ್ತಿದೆ. ನಮ್ಮ ಕಚೇರಿಗಳಲ್ಲಿ ಪೆಂಡಿಂಗ್ ಅಂದ್ರೆ ಫೈಲ್ ಬಾಕಿ ಇದೆ ಅಂತ. "ದಾವೆ ಇತ್ಯರ್ಥ ಬಾಕಿ" ಅಂದ್ರೆ ಮುಂದಿನ ಮಾತಿಗೆ ಕೂಡಲ್ಲ.

ಕೋಟೆ ಮೇಷ್ಟ್ರು, ಚಿತ್ರದುರ್ಗ

ನಿಮ್ಮ ವಾಕ್ಯ ಚೆನ್ನಾಗಿದೆ. ಬರೀ 'ಸ್ವತ್ತು' ಬದಲು 'ನಿವೇಶನ' ಅಂದ್ರೆ ಜಾಗ ಬೇರೆ, ಮೇಲಿನ ಕಟ್ಟಡ ಬೇರೆ ಅಂತ ಸ್ಪಷ್ಟ ಆಗುತ್ತೆ.

ಪೆಂಡಿಂಗ್ ಅಲ್ಲಿ ಕ್ರಿಯೆಯೇ ಅಲ್ಲ, 'ವರೆಗೆ' ಅನ್ನೋ ಕೆಲಸ ಮಾಡ್ತಿದೆ. "ದಾವೆ ಇತ್ಯರ್ಥವಾಗುವವರೆಗೆ" ಅಂತ ಬರೆದುಬಿಡಿ. ರಿಗಾರ್ಡಿಂಗ್, ಎಕ್ಸ್‌ಕ್ಲೂಡಿಂಗ್, ಡ್ಯೂರಿಂಗ್ ಎಲ್ಲಾ ಇದೇ ಗುಂಪು. 'ಡ್ಯೂರಿಂಗ್'ನ ಮೂಲ ಕ್ರಿಯಾಪದ 'ಡ್ಯೂರ್', ಉಳಿ, ಬಾಳು ಅಂತ. ಅದು ಬಳಕೆ ತಪ್ಪಿ ಹೋಯ್ತು, ಅದರ ಇಂಗ್ ಮಾತ್ರ ಉಳೀತು. ನಾವೂ ಇದನ್ನೇ ಮಾಡ್ತೀವಿ. "ಅವನನ್ನ ಬಿಟ್ಟು ಎಲ್ಲರೂ ಬಂದ್ರು" ಅನ್ನುವಾಗ ಯಾರೂ ಯಾರನ್ನೂ ಬಿಡ್ತಿಲ್ಲ. "ಬೆಳಗ್ಗೆಯಿಂದ ಹಿಡಿದು ಸಂಜೆವರೆಗೆ" ಅಂದಾಗ ಕೈಯಲ್ಲಿ ಏನೂ ಇರಲ್ಲ. ನೀವು ಅರ್ಜಿಯ ವಿಷಯದ ಸಾಲಲ್ಲಿ ದಿನಾ ಟೈಪ್ ಮಾಡೋ 'ಕುರಿತು' ಕೂಡ 'ಕುರಿ' ಅನ್ನೋ ಧಾತುವಿಂದ ಬಂದದ್ದು, ಗುರಿಯಿಡು ಅಂತ ಅರ್ಥ. ಕುರಿ ಕಾಯೋದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಲೇತ್‌ಮನೆ

ಪತ್ರದಂಗಡಿ ಅಣ್ಣಾ, ನಮ್ಮ ಶೆಡ್ಡಿನ ಬಾಡಿಗೆ ಕರಾರೂ ಇಂಗ್ಲಿಷಲ್ಲೇ ಐತೆ. 'ನಾಟ್‌ವಿತ್‌ಸ್ಟ್ಯಾಂಡಿಂಗ್ ಎನಿಥಿಂಗ್' ಅಂತ ಶುರು ಆಗ್ತದೆ, ನಂಗೆ ಅಲ್ಲೇ ನಿದ್ದೆ ಬರ್ತದೆ. ಸೋಮವಾರ ತರ್ಲಾ?

ಪತ್ರದಂಗಡಿ, ದಾವಣಗೆರೆ

ತಗೊಂಡು ಬಾರಪ್ಪ. ಅದಕ್ಕೆ 'ಏನೇ ಇದ್ದಾಗ್ಯೂ' ಅಂತ ಬರೀತೀವಿ. ಮೇಲೆ ಏನೇ ಬರೆದಿದ್ರೂ ಈ ಷರತ್ತೇ ನಡೆಯೋದು ಅಂತ ಅರ್ಥ. ಆ ಸಾಲಿನ ಮುಂದೆ ಇರೋದನ್ನ ನಿದ್ದೆ ಮಾಡದೆ ಓದು, ಬಾಡಿಗೆ ಏರಿಸೋ ಮಾತು ಸಾಮಾನ್ಯ ಅಲ್ಲೇ ಇಟ್ಟಿರ್ತಾರೆ.