ಪಾಲಿಮರ್ ಕ್ಲೇ (ಓವನ್ನಲ್ಲಿ ಬೇಯ್ಸಿದ್ರೆ ಗಟ್ಟಿಯಾಗೋ ಬಣ್ಣದ ಕ್ಲೇ) ಪೆನ್ ಮಾಡಿದವರು ಯಾರಾದ್ರೂ ಇದ್ರೆ ಅನುಭವ ಹೇಳಿ, 40 ಪೆನ್ ಬೇಕು

ಹಾಸನದಿಂದ (ಪ್ರಶ್ನೆ):
ಮಗಳದು ಹತ್ತನೇ ಕ್ಲಾಸ್ ಮುಗೀತಿದೆ. ಟೀಚರ್‌ಗಳಿಗೂ ಕ್ಲಾಸಿನವರಿಗೂ ಸೇರಿ 40 ಪೆನ್ ಕೈಯಾರೆ ಮಾಡಿ ಕೊಡೋಣ ಅಂತ ಆಸೆ. ಬಜೆಟ್ 6000, ಟೈಮು ಆರು ವಾರ, ಮನೇಲಿ ಓಟಿಜಿ (ಸಣ್ಣ ಕರೆಂಟ್ ಓವನ್) ಇದೆ. ಮಾಮೂಲಿ ಬಾಲ್ ಪೆನ್ ಮೇಲೆ ಕ್ಲೇ ಸುತ್ತಿದ್ರೆ ಸಾಕಾ, ಹಿತ್ತಾಳೆ ಕೊಳವೆ ಮೇಲೆ ಕ್ಲೇ ಸುತ್ತಿ ಬಿಡಿಭಾಗ ಜೋಡಿಸೋ ಪೆನ್ ಕಿಟ್ ತಗೋಬೇಕಾ? ಕ್ಲೇ ಬ್ರ್ಯಾಂಡಲ್ಲಿ ಫಿಮೋ ಒಳ್ಳೇದಾ ಪ್ರೀಮೋನಾ? ಮೇಲೆ ಶೈನಿಂಗ್‌ಗೆ ಏನು ಹಚ್ಬೇಕು?

ಶಿವಮೊಗ್ಗದಿಂದ:
ಕಿಟ್ಟು ಗಿಟ್ಟು ಏನೂ ಬೇಡ, ಬಾಲ್ ಪೆನ್ ಮೇಲೇ ಮಾಡಿ. ನಾನು ಮೂರು ವರ್ಷದಿಂದ ಮಾಡ್ತಿದೀನಿ, 300 ದಾಟಿದೆ. ಆದ್ರೆ ಶುರುನಲ್ಲಿ ಕಳ್ಕೊಂಡಿದ್ದು ಕೇಳಿ. 5 ರೂಪಾಯಿ ಪೆನ್ನು 12 ತಂದು, ಎರಡು ದಿನ ಕೂತು ಹೂವಿನ ಕೇನ್ (ಉದ್ದಕ್ಕೂ ಒಳಗೆ ಹೂವಿನ ಚಿತ್ರ ಇರೋ ಕ್ಲೇ ಕೋಲು) ತೆಳ್ಳಗೆ ಕೊಯ್ದು ಅಂಟಿಸಿ, 130 ಡಿಗ್ರಿಗೆ ಇಟ್ಟೆ, ಅರ್ಧ ಗಂಟೆ ಬಿಟ್ಟು ತೆಗೆದ್ರೆ ಹನ್ನೆರಡೂ ಬೆಂಡೆಕಾಯಿ ಥರ ಬಾಗ್ಬಿಟ್ಟಿದಾವೆ. ಒಳಗಿನ ಪ್ಲಾಸ್ಟಿಕ್ಕು ಮೆತ್ತಗಾಗಿ ಕ್ಲೇನೂ ಎಳ್ಕೊಂಡು ಹೋಗಿದೆ. 57 ಗ್ರಾಂ ಬ್ಲಾಕು ಮೂರು ಹೋಯ್ತು, ಆಗ ಒಂದಕ್ಕೆ 290, ಅಂದ್ರೆ 870, ಕೊರಿಯರ್ 120 ಬೇರೆ. ಆವತ್ತು ಅತ್ತುಬಿಟ್ಟಿದ್ದೆ. ಆಮೇಲೆ ಏಳು ಥರದ ಪೆನ್ ತಂದು ರೀಫಿಲ್ ತೆಗೆದು ಬರೀ ಬಾಡಿ ಓವನ್ನಲ್ಲಿಟ್ಟು ನೋಡಿದೆ, ಎರಡು ಮಾತ್ರ ನೆಟ್ಟಗೆ ಉಳಿದ್ವು, ಅವನ್ನೇ ಈಗ್ಲೂ ತರೋದು. ಶೈನಿಂಗ್‌ಗೆ ಟ್ರಾನ್ಸ್‌ಪರೆಂಟ್ ನೇಲ್ ಪಾಲಿಶ್ ಎರಡು ಕೋಟು, ಅಷ್ಟೇ.

ಹುಬ್ಬಳ್ಳಿಯಿಂದ:
ನೇಲ್ ಪಾಲಿಶ್ ಮಾತ್ರ ಹಚ್ಚಬ್ಯಾಡ್ರಿ, ಕೈ ಮುಗಿದು ಹೇಳ್ತೀನಿ. ನನಗ ಒಂದ್ ಮದುವಿಗೆ 80 ಪೆನ್ ಆರ್ಡರ್ ಬಂದಿತ್ತು, ಒಂದಕ್ಕ 120ರಂಗ 9600. ಕೊಟ್ಟಾಗ ಕನ್ನಡಿ ಹಂಗ ಹೊಳೀತಿದ್ವು. ಎರಡು ತಿಂಗಳಿಗೆ ಫೋನು, ಪೆನ್ ಕೈಗೆ ಅಂಟತೈತಿ, ಅಂಗಿ ಕಿಸೆದಾಗ ಇಟ್ರ ನೂಲು ಹತ್ತತೈತಿ ಅಂತ. ಕ್ಲೇ ಬೆಂದ ಮ್ಯಾಲೂ ಅದರಾಗ ಎಣ್ಣಿ ಹಂಗಿರೋ ಪ್ಲಾಸ್ಟಿಸೈಜರ್ ಇರತೈತ್ರಿ, ನೇಲ್ ಪಾಲಿಶ್‌ನ ಸಾಲ್ವೆಂಟಿಗೂ ಅದಕ್ಕೂ ಆಗಿಬರೂದಿಲ್ಲ, ದಿನಾ ಹೋದಂಗ ಜಿಗಟ ಆಗತೈತಿ. ಸ್ಪ್ರೇ ವಾರ್ನಿಶ್ ಡಬ್ಬಿದೂ ಅದ ಹಣೇಬರಾ. ಪೂರ್ತಿ 9600 ವಾಪಸ್ ಕೊಟ್ಟೇನ್ರಿ, ಮ್ಯಾಲೆ ಮಾತು ಬ್ಯಾರೆ ಕೇಳಿದೆ. ಈಗ 400 ನಂಬರಿಂದ ಶುರು ಮಾಡಿ 2000 ನಂಬರ್ ತನಕ ವಾಟರ್ ಪೇಪರ್ (ನುಣುಪು ಮಾಡೋ ಉಪ್ಪುಕಾಗದ) ನೀರಾಗ ತಿಕ್ಕಿ, ಕಡೀಕ ಹಳೇ ಜೀನ್ಸ್ ಅರಿವಿಲೆ ತಿಕ್ಕತೀನಿ. ಒಂದ್ ಪೆನ್ನಿಗೆ 40 ಮಿನಿಟ್ ಹಿಡೀತದ, ಆದ್ರ ಆ ಹೊಳಪು ಹೋಗೂದಿಲ್ಲ.

ಶಿವಮೊಗ್ಗದಿಂದ:
ನಂದು 300ರಲ್ಲಿ ಒಂದೂ ವಾಪಸ್ ಬಂದಿಲ್ಲ. ನೀವು ಸರಿಯಾಗಿ ಬೇಯ್ಸಿರಲ್ಲ ಅನ್ಸುತ್ತೆ.

ಹುಬ್ಬಳ್ಳಿಯಿಂದ:
ನೀವು ಗಿಫ್ಟ್ ಕೊಟ್ಟೀರಿ. ಗಿಫ್ಟ್ ಕೊಟ್ಟಿದ್ದನ್ನ ಯಾರ್ ವಾಪಸ್ ತರ್ತಾರ್ರೀ? ನಾ ರೊಕ್ಕ ಇಸ್ಕೊಂಡಿದ್ದೆ. ಬೇಯಿಸೂದು ನನಗ ಕಲಿಸಬ್ಯಾಡ್ರಿ.

ಬೆಂಗಳೂರಿನಿಂದ:
ಬಾಲ್ ಪೆನ್ ಮೇಲೆ ಸುತ್ತಿದ್ದು ದಪ್ಪ ಆಗುತ್ತೆ, ಬರೆಯೋಕೆ ಕೈ ನೋಯುತ್ತೆ. ಪೆನ್ ಅಂದ್ರೆ ಕಿಟ್ಟೇ. ನಾನು 7 ಮಿ.ಮೀ. ಹಿತ್ತಾಳೆ ಕೊಳವೆಯ, ತೆಳು ಪೆನ್ನಿನ ಸ್ಲಿಮ್‌ಲೈನ್ ಕಿಟ್ 50 ತರಿಸಿದ್ದೆ, ಒಂದಕ್ಕೆ 210. ಮೊದಲ 9 ಪೆನ್ನಲ್ಲಿ ಕ್ಲೇ ಕೊಳವೆ ಮೇಲೆ ಗಿರಗಿರ ತಿರುಗ್ತಿತ್ತು, ಯಾಕಂದ್ರೆ ಸೂಪರ್ ಗ್ಲೂ ಹಾಕಿ ಬೇಯ್ಸಿದ್ದೆ, ಆ ಬಿಸಿಗೆ ಅದು ಹಿಡಿತ ಬಿಡುತ್ತೆ. ಈಗ ಕೊಳವೆನ ಉಪ್ಪುಕಾಗದದಲ್ಲಿ ಗೀರಿ, ಕ್ಲೇ ಸುತ್ತಿ ಬೇಯ್ಸಿ, ತಣ್ಣಗಾದ ಮೇಲೆ ಮೆಲ್ಲಗೆ ಜಾರಿಸಿ ತೆಗೆದು ಅರಾಲ್ಡೈಟ್ ಅಂಟು ಹಾಕಿ ವಾಪಸ್ ಕೂರಿಸ್ತೀನಿ. ಆಮೇಲೆ ಇನ್ನು 11 ಪೆನ್ ಬಿಡಿಭಾಗ ಕೊಳವೆಗೆ ಒತ್ತಿ ಕೂರಿಸೋವಾಗ ತುದೀಲಿ ಸೀಳಿದ್ವು. ತುದಿ ಕ್ಲೇನ ಹಿತ್ತಾಳೆ ಮಟ್ಟಕ್ಕೆ ತೀಡಿರ್ಬೇಕು, ಒಂದು ಕೂದಲೆಳೆ ಮೇಲಿದ್ರೂ ಒತ್ತಡವೆಲ್ಲ ಕ್ಲೇ ಮೇಲೇ ಬೀಳುತ್ತೆ. ಸ್ಲಿಮ್‌ಲೈನ್‌ನಲ್ಲಿ ಕ್ಲೇಗೆ ಸಿಗೋ ಜಾಗ 1 ಮಿ.ಮೀ.ಗಿಂತ ಕಮ್ಮಿ, ಲಟ್ಟಣಿಗೇಲಿ ಅಷ್ಟು ಸಮ ಬರಲ್ಲ, ಪಾಸ್ತಾ ಮಷೀನ್ ಬೇಕೇ ಬೇಕು, ಅದು 2400. ಒಟ್ಟು 19,000 ಇಳೀತು. ಆದ್ರೆ ಈಗ ನನ್ನ ಪೆನ್ ಕೈಗೆ ತಗೊಂಡವರು ಕೆಳಗಿಡಲ್ಲ.

ಚನ್ನಪಟ್ಟಣದಿಂದ:
ಕ್ಲೇ ಕ್ಲೇ ಅಂತೀರಲ್ಲ, ಅದು ಮಣ್ಣಲ್ಲ ಕಣ್ರೀ, ಪಿವಿಸಿ ಪ್ಲಾಸ್ಟಿಕ್ಕು. ನಮ್ಮಲ್ಲಿ ಆಲೆ ಮರ ಲೇತ್‌ಗೆ ಕೊಟ್ಟು, ತಿರುಗ್ತಿರುವಾಗ್ಲೇ ಬಣ್ಣದ ಅರಗು ಒತ್ತಿದ್ರೆ ಉಜ್ಜಿದ ಬಿಸಿಗೇ ಕರಗಿ ಹಿಡ್ಕೊಳುತ್ತೆ, ಆಮೇಲೆ ಕೇದಗೆ ಗರೀಲಿ ತಿಕ್ಕಿದ್ರೆ ಹೊಳಪು. ಓವನ್ನೂ ಬೇಡ, ಅಂಟೂ ಬೇಡ. ನಮ್ಮಪ್ಪನ ಕಾಲದ್ದು ಇನ್ನೂ ಹಂಗೇ ಇದೆ. ಹೊರದೇಶದ ಪ್ಲಾಸ್ಟಿಕ್ಕಿಗೆ ಸಾವಿರಾರು ಸುರಿಯೋರು ನಮ್ಮ ಪೆನ್ನಿಗೆ 60 ರೂಪಾಯಿ ಅಂದ್ರೆ 40ಕ್ಕೆ ಕೇಳ್ತೀರಾ.

ಬೆಂಗಳೂರಿನಿಂದ:
ಸಾರ್, ನಾನ್ಯಾವತ್ತೂ ಚೌಕಾಸಿ ಮಾಡಿಲ್ಲ, ಸುಮ್ಮನೆ ಎಲ್ಲರಿಗೂ ಸೇರಿಸಿ ಹೇಳ್ಬೇಡಿ. ಹೂವಿನ ಕೇನು, ಅಮೃತಶಿಲೆ ಥರ ನಾಲ್ಕು ಬಣ್ಣದ ಸುಳಿ, ಇದೆಲ್ಲ ಲೇತಲ್ಲಿ ಆಗುತ್ತಾ? ಎರಡೂ ಬೇರೆ ಕಸುಬು.

ಚನ್ನಪಟ್ಟಣದಿಂದ:
ಕಸುಬು ಅಂದ್ರಲ್ಲ, ಕಸುಬು ಅಂದ್ರೆ ಅದರಲ್ಲಿ ಮನೆ ನಡೀಬೇಕು. ನಿಮ್ದು ಹವ್ಯಾಸ.

ಮಂಗಳೂರಿನಿಂದ:
ಓಟಿಜಿ ವಿಷಯ ಯಾರೂ ಹೇಳ್ಲಿಲ್ಲ ಅಲ್ವಾ ಮಾರಾಯ್ರೆ. ನಂದು ಮುಳ್ಳು 130ಕ್ಕೆ ಇಟ್ರೆ ಒಳಗೆ 165 ಇತ್ತು, 450 ಕೊಟ್ಟು ಓವನ್ ಥರ್ಮಾಮೀಟರ್ ತಂದ ಮೇಲೆ ಗೊತ್ತಾದದ್ದು. ಅಷ್ಟರಲ್ಲಿ 16 ಪೆನ್ ಕಂದು ಬಣ್ಣಕ್ಕೆ ತಿರುಗಿ ಆಗಿತ್ತು, ಬಿಳಿ ಕ್ಲೇ ಅಂತೂ ಟೀ ಚೆಲ್ಲಿದ ಹಾಗೆ. ಫಿಮೋಗೆ 110 ಸಾಕು, ಪ್ರೀಮೋಗೆ 130. ಮೇಲೆ ಫಾಯಿಲ್ ಮುಚ್ಚಿ, ರಾಡಿಗೆ ಹತ್ತಿರ ಇಡ್ಬೇಡಿ. ಕಪ್ಪಾಗಿ ಸುಟ್ರೆ ಹೈಡ್ರೋಜನ್ ಕ್ಲೋರೈಡ್ ಬರ್ತದೆ, ಕಣ್ಣು ಗಂಟಲು ಉರಿ. ನಾನು ಕ್ಲೇಗೇ ಬೇರೆ ಓಟಿಜಿ ಇಟ್ಟಿದ್ದೇನೆ, 3800 ಆಯ್ತು. ಅಡುಗೆ ಓವನ್ನಲ್ಲಿ ಇಡುವವರಿಗೆ ಮಕ್ಕಳ ಮೇಲೆ ಕಾಳಜಿ ಇಲ್ಲ ಅಂತಲೇ ಹೇಳ್ತೇನೆ.

ಶಿವಮೊಗ್ಗದಿಂದ:
ನಾನು ಒಂದೇ ಓಟಿಜೀಲಿ ಮಾಡೋದು, ಫಾಯಿಲ್ ಡಬ್ಬಿ ಮುಚ್ಚಿ ಇಡ್ತೀನಿ, ಆಮೇಲೆ ಒರೆಸ್ತೀನಿ. ನನ್ನ ಮಕ್ಕಳ ವಿಷಯಕ್ಕೆ ಬರ್ಬೇಡಿ. ಎಲ್ಲರ ಹತ್ರ ಎರಡೆರಡು ಓವನ್ ತಗೊಳ್ಳೋಷ್ಟು ದುಡ್ಡಿರಲ್ಲ.

ಹಾಸನದಿಂದ:
ಜಗಳ ಬೇಡ ಪ್ಲೀಸ್. 40 ಬಾಲ್ ಪೆನ್‌ಗೆ ಕ್ಲೇ ಎಷ್ಟು ಬೇಕು, ಅದೊಂದು ಹೇಳಿ.

ಹುಬ್ಬಳ್ಳಿಯಿಂದ:
ತಂಗಿ, ಒಂದ್ ಪೆನ್ನಿಗೆ 12 ಗ್ರಾಂ ಹಿಡೀರಿ, ಒಂದ್ ಬ್ಲಾಕಿಗೆ ನಾಕು ಆರಾಮ ಬರ್ತಾವ. 10 ಬ್ಲಾಕು, ಕೆಟ್ಟರ ಇರಲಿ ಅಂತ ಇನ್ನೆರಡು. ಏಪ್ರಿಲ್ ತನಕ ಕಾಯಬ್ಯಾಡ್ರಿ, ಬಿಸಲಾಗ ಕೊರಿಯರ್ ಗಾಡ್ಯಾಗ ಬಂದ ಕ್ಲೇ ಅರ್ಧಕ್ಕರ್ಧ ಗಟ್ಟಿ ಆಗಿರತೈತಿ, ನಾದಿದ್ರ ಪುಡಿಪುಡಿ. ನಂದು ಆರು ಬ್ಲಾಕ್ ಹಂಗ ಹೋಗ್ಯಾವ.

ಬೆಂಗಳೂರಿನಿಂದ:
ನನ್ನ ಹತ್ರ 14 ಕಿಟ್ ಉಳಿದಿದಾವೆ. ಟೀಚರ್‌ಗಳಿಗೆ ಮಾತ್ರ ಕಿಟ್ ಪೆನ್ ಕೊಟ್ಟು ಮಕ್ಕಳಿಗೆ ಬಾಲ್ ಪೆನ್ ಮಾಡಿ. ಅಸಲು ರೇಟಿಗೇ ಕೊಡ್ತೀನಿ, 210ಕ್ಕಿಂತ ಕಮ್ಮಿ ಮಾತ್ರ ಕೇಳ್ಬೇಡಿ.

ಚನ್ನಪಟ್ಟಣದಿಂದ:
ನೋಡಿ, ಇವರು ಹೇಳಿದ್ರೆ ಅದು ಅಸಲು ರೇಟು. ನಾವು 60 ಅಂದ್ರೆ ಜಾಸ್ತಿ.